ಆಯಿಲ್ ಚೇಂಜ್ ಮಾಡಿದ ಮೇಲೆ ನೆಲ ಒರೆಸುವ ಕೆಲಸ ಇರಬಾರದು ಅಂದ್ರೆ

ಮೊದಲ ಸಲ ನನ್ನ ಕಾರಿನ ಇಂಜಿನ್ ಆಯಿಲ್ ನಾನೇ ಬದಲಿಸಿದಾಗ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು, ನೆಲ ಒರೆಸಲು ಎರಡು ಗಂಟೆ ಹಿಡಿಯಿತು. ಹಳೆ ಎಣ್ಣೆ ಬಸಿಯಲು ಬಿಚ್ಚುವ ಡ್ರೈನ್ ಬೋಲ್ಟ್ ಕೈಜಾರಿ ಟ್ರೇಯೊಳಗೆ ಬಿತ್ತು. ಎಣ್ಣೆ ಸೋಸುವ ಫಿಲ್ಟರ್ ಬಿಚ್ಚಿದಾಗ ಎಣ್ಣೆ ಮೊಣಕೈವರೆಗೂ ಇಳಿದು ಬಂತು. ಇಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆ. ಆದರೆ ಮಾರನೇ ದಿನ ಕಾರಿನ ಕೆಳಗೆ ಎರಡು ಹನಿ ಕಂಡವು. ನಿನ್ನೆ ಚೆಲ್ಲಿದ ಎಣ್ಣೆ ಎಲ್ಲೋ ಸಿಕ್ಕಿಕೊಂಡು ಈಗ ತೊಟ್ಟಿಕ್ಕುತ್ತಿದೆಯೋ, ಬೋಲ್ಟೇ ಸೋರುತ್ತಿದೆಯೋ ಗೊತ್ತಾಗಲಿಲ್ಲ. ಕೆಳಗೆಲ್ಲಾ ಎಣ್ಣೆ ಬಳಿದುಕೊಂಡಿದ್ದರೆ ಯಾವುದನ್ನು ಅಂತ ನೋಡೋದು? ಒಂದು ವಾರ ಅದೇ ಚಿಂತೆಯಲ್ಲಿ ಓಡಾಡಿದೆ.

ಶುಚಿಯಾಗಿ ಕೆಲಸ ಮಾಡಬೇಕು ಅಂತ ನಾನು ಹಟ ಹಿಡಿದದ್ದು ಆಗ. ಕಾರಿನ ಕೆಳಭಾಗ ಒಣಗಿದ್ದರೆ ಮಾತ್ರ ಸೋರಿಕೆ ಇದ್ದದ್ದು ಕಣ್ಣಿಗೆ ಬೀಳುತ್ತದೆ. ಅಲ್ಲಿಂದೀಚೆಗೆ ಪ್ರತಿ ಸಲವೂ ಒಂದೊಂದು ಉಪಾಯ ಸೇರಿಸುತ್ತಾ ಬಂದಿದ್ದೇನೆ. ಈಗ ನೆಲಕ್ಕೆ ಒಂದು ಹನಿಯೂ ಬೀಳದೆ ಕೆಲಸ ಮುಗಿಯುವುದು ಅಪರೂಪವಲ್ಲ.

ಮೊದಲು ಕೆಳಗೆ ಹಾಸುವುದು. ದೊಡ್ಡ ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿದರೆ ಅದಕ್ಕಿಂತ ಒಳ್ಳೆಯ ಹಾಸು ಇಲ್ಲ. ಪ್ಲಾಸ್ಟಿಕ್ ಶೀಟ್ ಮೇಲೆ ಬಿದ್ದ ಎಣ್ಣೆ ನಿಲ್ಲದೆ ಹರಿದಾಡುತ್ತದೆ, ಬೆನ್ನಿಗೆ ಅಂಟಿಕೊಳ್ಳುತ್ತದೆ. ರಟ್ಟು ಅದನ್ನು ಬಿದ್ದಲ್ಲೇ ಹೀರುತ್ತದೆ. ಮಲಗಿ ಜಾರಿಕೊಂಡು ಒಳಗೆ ಹೋಗೋಕೂ ಸಲೀಸು. ಪಕ್ಕದಲ್ಲಿ ಒಂದು ಡಬ್ಬಿ ಮರದ ಹೊಟ್ಟು ಇಟ್ಟುಕೊಳ್ಳುತ್ತೇನೆ. ಅಕಸ್ಮಾತ್ ಚೆಲ್ಲಿದರೆ ಒರೆಸಲು ಹೋಗಬಾರದು, ಒರೆಸಿದಷ್ಟೂ ಹರಡುತ್ತದೆ. ಹೊಟ್ಟು ಸುರಿದು, ಕಾಲಲ್ಲಿ ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು ಗುಡಿಸಬೇಕು.

ಕಾರನ್ನು ಎತ್ತುವ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಬರೀ ಜಾಕ್ ಮೇಲೆ ನಿಂತಿರುವ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಗಳಿಗೆ ಅಡ್ಡವಾಗಿ ಮರದ ತುಂಡು, ಮುಂದೆ ಎರಡು ಜಾಕ್ ಸ್ಟ್ಯಾಂಡ್. ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೆ ಕಾರನ್ನು ಪಕ್ಕದಿಂದ ತಳ್ಳಿ ನೋಡುತ್ತೇನೆ. ಅಲುಗಾಡಿದರೆ ಮತ್ತೆ ಎತ್ತಿ ಸರಿಯಾಗಿ ಕೂರಿಸುತ್ತೇನೆ.

ಇಂಜಿನ್ ಬಿಸಿ ಎಷ್ಟಿರಬೇಕು ಅನ್ನುವುದೂ ಮುಖ್ಯ. ತಣ್ಣಗಿದ್ದರೆ ಎಣ್ಣೆ ಗಟ್ಟಿಯಾಗಿ ನಿಧಾನಕ್ಕೆ ಇಳಿಯುತ್ತದೆ. ಊರೆಲ್ಲಾ ಸುತ್ತಿ ಬಂದ ತಕ್ಷಣ ಬಿಚ್ಚಿದರೆ ಕೈ ಸುಡುತ್ತದೆ. ಜೊತೆಗೆ ನೀರಿನಷ್ಟು ತೆಳ್ಳಗಾದ ಎಣ್ಣೆ ಟ್ರೇಗೆ ರಭಸದಿಂದ ಬಡಿದು ಸಿಡಿಯುತ್ತದೆ. ನಾನು ಐದು ನಿಮಿಷ ಇಂಜಿನ್ ಓಡಿಸಿ, ಆಫ್ ಮಾಡಿ, ಕಾಲು ಗಂಟೆ ಬಿಡುತ್ತೇನೆ. ಅಷ್ಟರಲ್ಲಿ ಮೇಲಿನ ಎಣ್ಣೆಯೆಲ್ಲಾ ಚೇಂಬರ್‌ಗೆ, ಅಂದ್ರೆ ಇಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಗೆ, ಇಳಿದಿರುತ್ತದೆ, ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ ಇರುತ್ತದೆ.

ಕೈಗೆ ನೈಟ್ರೈಲ್ ಗ್ಲೌಸ್, ಅದೂ ಎರಡು ಜೊತೆ, ಒಂದರ ಮೇಲೊಂದು. ಇದು ಚಿಕ್ಕ ವಿಷಯದ ಹಾಗೆ ಕಾಣುತ್ತದೆ. ಆದರೆ ನನ್ನ ಕೆಲಸ ಶುಚಿಯಾಗಲು ಅರ್ಧ ಕಾರಣ ಇದೇ. ಹಳೆ ಎಣ್ಣೆಯ ಕೆಲಸ ಮುಗಿದ ಕೂಡಲೇ ಮೇಲಿನ ಜೊತೆಯನ್ನು ಮಗುಚಿ ತೆಗೆದುಬಿಡಿ. ಒಳಗಿನ ಕೈ ಶುಭ್ರ. ಹೊಸ ಫಿಲ್ಟರ್, ಆಯಿಲ್ ಕ್ಯಾನ್, ಬಾನೆಟ್, ಕಾರಿನ ಬಾಗಿಲು ಎಲ್ಲವನ್ನೂ ಆ ಕೈಯಲ್ಲೇ ಮುಟ್ಟಬಹುದು. ಬಳಸಿದ ಇಂಜಿನ್ ಆಯಿಲ್ ಪದೇ ಪದೇ ಸೋಕುವುದು ಚರ್ಮಕ್ಕೆ ಒಳ್ಳೆಯದಲ್ಲ, ಅದಕ್ಕಾದರೂ ಗ್ಲೌಸ್ ಹಾಕಿ.

ಈಗ ಡ್ರೈನ್ ಬೋಲ್ಟ್. ಆರು ಮೂಲೆಯ ಸಾಕೆಟ್ ಅಥವಾ ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಬಳಸಿ. ಓಪನ್ ಸ್ಪ್ಯಾನರ್ ಜಾರಿದರೆ ಬೋಲ್ಟಿನ ತಲೆ ಉರುಟಾಗುತ್ತದೆ, ಆಮೇಲೆ ಬಿಚ್ಚುವುದೇ ದೊಡ್ಡ ಪಾಡು. ಸ್ಪ್ಯಾನರ್ ಹಾಕುವ ಮೊದಲು ಬೋಲ್ಟ್ ಸುತ್ತಲಿನ ಮಣ್ಣು, ಧೂಳು ಒರೆಸಿಕೊಳ್ಳಿ. ಅರ್ಧ ಸುತ್ತು ಸಡಿಲಾದ ಮೇಲೆ ಸ್ಪ್ಯಾನರ್ ಪಕ್ಕಕ್ಕಿಟ್ಟು ಬೆರಳಲ್ಲಿ ತಿರುಗಿಸಿ. ತಿರುಗಿಸುವಾಗ ಬೋಲ್ಟನ್ನು ಚೇಂಬರ್ ಕಡೆಗೆ ಒತ್ತಿ ಹಿಡಿದಿರಬೇಕು. ಒತ್ತಿ ಹಿಡಿದಷ್ಟು ಹೊತ್ತು ಎಣ್ಣೆ ಹೆಚ್ಚು ಜಿನುಗುವುದಿಲ್ಲ. ತಿರುಪಿನ ಕೊನೆಯ ಎಳೆ ಬಿಟ್ಟದ್ದು ಬೆರಳಿಗೇ ಗೊತ್ತಾಗುತ್ತದೆ, ಟಕ್ ಅಂತ ಸಣ್ಣಗೆ ಜಾರಿದ ಹಾಗೆ. ಆ ಕ್ಷಣ ಬೋಲ್ಟನ್ನು ಧಾರೆ ಬೀಳದ ದಿಕ್ಕಿಗೆ, ಪಕ್ಕಕ್ಕೆ, ಒಂದೇ ಸಲಕ್ಕೆ ಎಳೆದುಕೊಳ್ಳಬೇಕು. ಹಿಂದೆಮುಂದೆ ನೋಡುತ್ತಾ ಎಳೆದರೆ ಎಣ್ಣೆ ಬೆರಳ ಸಂದಿಯಿಂದ ಮುಂಗೈಗೆ ಹರಿಯುತ್ತದೆ. ಮುಂಗೈ ಮೇಲಕ್ಕಿರದ ಹಾಗೆ, ಮೊಣಕೈ ಮೇಲಿರುವ ಹಾಗೆ ಹಿಡಿದರೆ ಒಂದೆರಡು ಹನಿ ಬೆರಳ ತುದಿಯಿಂದಲೇ ಬಿದ್ದುಹೋಗುತ್ತದೆ.

ಟ್ರೇ ಎಲ್ಲಿಡಬೇಕು? ಬೋಲ್ಟ್ ಅಡ್ಡಡ್ಡ ಕೂತಿದ್ದರೆ ಧಾರೆ ನೇರ ಕೆಳಗೆ ಬೀಳುವುದಿಲ್ಲ, ಮೊದಲು ದೂರಕ್ಕೆ ಚಿಮ್ಮುತ್ತದೆ. ಎಣ್ಣೆ ಕಡಿಮೆಯಾದಂತೆ ಹತ್ತಿರ ಬರುತ್ತದೆ. ಕೊನೆಗೆ ಚೇಂಬರ್ ತಳಕ್ಕೇ ಅಂಟಿಕೊಂಡು ತೆವಳಿ, ನಾವು ಎಣಿಸದ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಹಾಗಾಗಿ ಅಗಲವಾದ, ಎತ್ತರ ಕಡಿಮೆ ಇರುವ ಟ್ರೇ ಬೇಕು, ಶುರುವಿನಲ್ಲಿ ಅದರ ಬಹುಪಾಲು ಧಾರೆ ಚಿಮ್ಮುವ ಕಡೆ ಇರಬೇಕು. ಗಾಳಿ ಇದ್ದರೆ ಇನ್ನೊಂದು ತಾಪತ್ರಯ. ಕೊನೆಯಲ್ಲಿ ಧಾರೆ ದಾರದಷ್ಟು ತೆಳ್ಳಗಾದಾಗ ಸಣ್ಣ ಗಾಳಿಯೂ ಅದನ್ನು ಟ್ರೇ ಆಚೆಗೆ ಒಯ್ಯುತ್ತದೆ. ಗಾಳಿ ಬರುವ ಕಡೆಗೆ ಒಂದು ರಟ್ಟು ನಿಲ್ಲಿಸಿದರೆ ಸಾಕು. ಟ್ರೇ ಮೇಲೆ ಒಂದು ತಂತಿ ಜಾಲರಿ ಇಟ್ಟರೆ ಬೋಲ್ಟ್ ಬಿದ್ದರೂ ಮುಳುಗುವುದಿಲ್ಲ. ನನ್ನ ಹತ್ತಿರ ಈಗ ಮ್ಯಾಗ್ನೆಟ್ ಇರುವ ಸಣ್ಣ ತಟ್ಟೆಯೂ ಇದೆ, ಬೋಲ್ಟ್ ಸೀದಾ ಅದಕ್ಕೆ ಹೋಗುತ್ತದೆ.

ಎಣ್ಣೆ ಬಸಿಯುವಾಗ ಬಾನೆಟ್ ಎತ್ತಿ ಎಣ್ಣೆ ಸುರಿಯುವ ಮುಚ್ಚಳ ತೆಗೆದಿಡುತ್ತೇನೆ. ಮೇಲಿಂದ ಗಾಳಿ ಸಲೀಸಾಗಿ ಒಳಗೆ ಬಂದರೆ ಧಾರೆ ಒಂದೇ ಸಮ ಬೀಳುತ್ತದೆ. ಆ ಬಿಡುವಿನಲ್ಲಿ ಬೋಲ್ಟ್ ಒರೆಸಿ ಹಳೆ ವಾಷರ್ ತೆಗೆಯುತ್ತೇನೆ. ತಾಮ್ರದ್ದೋ ಅಲ್ಯೂಮಿನಿಯಮ್‌ದೋ ಆ ವಾಷರ್ ಒಂದು ಸಲ ಒತ್ತಿದ ಮೇಲೆ ಮುಗಿಯಿತು, ಪ್ರತಿ ಸಲ ಹೊಸದೇ ಹಾಕಬೇಕು. ಬಿಗಿತದ ಅಳತೆ ಕಾರಿನ ಕೈಪಿಡಿಯಲ್ಲಿ ಇರುತ್ತದೆ, ಟಾರ್ಕ್ ರೆಂಚ್ ಇದ್ದರೆ ಅದರ ಪ್ರಕಾರ ಬಿಗಿ ಮಾಡಿ. ಅಲ್ಯೂಮಿನಿಯಮ್ ಚೇಂಬರ್‌ನ ಎಳೆ ಮೆತ್ತಗೆ, ಸೋರಬಾರದು ಅಂತ ಜೀವ ಬಿಟ್ಟು ಬಿಗಿ ಮಾಡಿದರೆ ಎಳೆಯೇ ಕಿತ್ತುಬರುತ್ತದೆ.

ಎಲ್ಲರೂ ಬೋಲ್ಟ್ ಬಗ್ಗೆ ಹೆದರುತ್ತಾರೆ. ನಿಜವಾಗಿ ಗಲೀಜು ಮಾಡುವುದು ಫಿಲ್ಟರ್. ಬೋಲ್ಟ್ ಎಣ್ಣೆ ಒಂದೇ ಕಡೆ ಬೀಳುತ್ತದೆ, ಫಿಲ್ಟರ್ ಎಣ್ಣೆ ಇಂಜಿನ್ ಬ್ಲಾಕ್ ಮೇಲೆ, ಇಂಜಿನ್ ಕೆಳಗಿನ ಕಬ್ಬಿಣದ ಅಡ್ಡಪಟ್ಟಿ ಮೇಲೆ, ಕೆಲವು ಕಾರುಗಳಲ್ಲಿ ಸೈಲೆನ್ಸರ್ ಪೈಪ್ ಮೇಲೂ ಇಳಿಯುತ್ತದೆ. ಕೆಳಗೆ ಪ್ಲಾಸ್ಟಿಕ್ ಕವರ್ ಇದ್ದರೆ ಅದರೊಳಗೆ ನಿಂತು ದಿನಗಟ್ಟಲೆ ತೊಟ್ಟಿಕ್ಕುತ್ತದೆ. ನನ್ನನ್ನು ಒಂದು ವಾರ ಕಾಡಿದ ಆ ಎರಡು ಹನಿಗಳು ಬಂದದ್ದು ಅಡ್ಡಪಟ್ಟಿಯ ಒಂದು ತೂತಿನಿಂದ. ಫಿಲ್ಟರ್ ಎಣ್ಣೆ ಅಲ್ಲಿ ತುಂಬಿಕೊಂಡಿತ್ತು.

ಈಗ ನಾನು ಮಾಡುವುದು ಹೀಗೆ. ದಪ್ಪ ಅಲ್ಯೂಮಿನಿಯಮ್ ಫಾಯಿಲನ್ನು ನಾಲ್ಕು ಮಡಿಕೆ ಮಾಡಿ ದೋಣಿಯ ಹಾಗೆ ಬಗ್ಗಿಸುತ್ತೇನೆ. ಅದರ ಒಂದು ತುದಿ ಫಿಲ್ಟರ್ ಬುಡದ ಕೆಳಗೆ, ಇನ್ನೊಂದು ತುದಿ ಟ್ರೇ ಮೇಲೆ. ಅದು ಬೇಕಾದ ಹಾಗೆ ಬಗ್ಗುತ್ತದೆ, ಇಕ್ಕಟ್ಟಿನಲ್ಲೂ ಕೂರುತ್ತದೆ. ಆಮೇಲೆ ಕ್ಯಾಪ್ ಥರದ ಫಿಲ್ಟರ್ ರೆಂಚ್ ಹಾಕಿ ಸಡಿಲ ಮಾಡಿ, ಎಣ್ಣೆ ಜಿನುಗಲು ಶುರುವಾದ ಕೂಡಲೇ ನಿಲ್ಲಿಸಿಬಿಡುತ್ತೇನೆ. ಐದು ನಿಮಿಷ ಕೈ ಹಾಕುವುದಿಲ್ಲ. ತುಂಬಾ ಫಿಲ್ಟರ್‌ಗಳಲ್ಲಿ ಎಣ್ಣೆ ವಾಪಸ್ ಇಳಿಯದಂತೆ ರಬ್ಬರ್ ವಾಲ್ವ್ ಇರುತ್ತದೆ, ಹಾಗಾಗಿ ಇಂಜಿನ್ ಖಾಲಿಯಾದರೂ ಫಿಲ್ಟರ್ ತುಂಬಿಕೊಂಡೇ ಇರುತ್ತದೆ. ಆ ಐದು ನಿಮಿಷದಲ್ಲಿ ಬುಡದ ಎಣ್ಣೆ ಫಾಯಿಲ್ ಮೇಲಿಂದ ಸದ್ದಿಲ್ಲದೆ ಟ್ರೇಗೆ ಇಳಿಯುತ್ತದೆ. ಆಮೇಲೆ ಒಂದು ದಪ್ಪ ಜಿಪ್ ಕವರನ್ನು ಫಿಲ್ಟರ್‌ಗೆ ಟೋಪಿಯಂತೆ ತೊಡಿಸಿ, ಕವರ್ ಮೇಲಿಂದಲೇ ತಿರುಗಿಸಿ ಬಿಚ್ಚುತ್ತೇನೆ. ಫಿಲ್ಟರ್, ಉಳಿದ ಎಣ್ಣೆ ಎರಡೂ ಕವರೊಳಗೇ ಬೀಳುತ್ತವೆ. ಪಕ್ಕದಲ್ಲಿ ಬಿಸಿ ಪೈಪ್ ಇದ್ದರೆ ಕವರ್ ತಾಗದ ಹಾಗೆ ನೋಡಿಕೊಳ್ಳಿ.

ಹಳೆ ಫಿಲ್ಟರಿನ ರಬ್ಬರ್ ರಿಂಗ್ ಅದರ ಜೊತೆಗೇ ಬಂದಿದೆಯಾ ನೋಡಲೇಬೇಕು. ಒಮ್ಮೊಮ್ಮೆ ಅದು ಇಂಜಿನ್‌ಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಒಂದರ ಮೇಲೊಂದು ಬಂದು, ಇಂಜಿನ್ ಸ್ಟಾರ್ಟ್ ಆಗಿ ಒತ್ತಡ ಏರಿದಾಗ ಎಣ್ಣೆಯೆಲ್ಲಾ ಹೊರಗೆ ಚಿಮ್ಮುತ್ತದೆ. ಬೆರಳಿಂದ ಸವರಿ ನೋಡಿ, ಬಟ್ಟೆಯಲ್ಲಿ ಒರೆಸಿ. ಹೊಸ ರಿಂಗ್‌ಗೆ ಒಂದು ಹನಿ ಹೊಸ ಎಣ್ಣೆ ಸವರಿ, ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿ ಮಾಡಿ. ಫಿಲ್ಟರ್ ಮೇಲೆ ಬೇರೆ ಅಳತೆ ಅಚ್ಚಾಗಿದ್ದರೆ ಅದನ್ನೇ ಪಾಲಿಸಿ. ನಾನು ಮಾರ್ಕರ್ ಪೆನ್ನಿನಿಂದ ತಾರೀಖು ಮತ್ತು ಮೀಟರ್ ರೀಡಿಂಗ್ ಫಿಲ್ಟರ್ ಮೇಲೆಯೇ ಬರೆದುಬಿಡುತ್ತೇನೆ.

ಎಣ್ಣೆ ಮಟ್ಟ ನೋಡುವ ಕಡ್ಡಿ, ಅಂದ್ರೆ ಡಿಪ್‌ಸ್ಟಿಕ್, ಅದರ ಕೊಳವೆಯಿಂದ ಎಣ್ಣೆ ಹೀರುವ ಪಂಪನ್ನೂ ಬಳಸಿ ನೋಡಿದ್ದೇನೆ. ಫಿಲ್ಟರ್ ಮೇಲ್ಗಡೆಯೇ ಇರುವ ಕಾರುಗಳಿಗೆ ಅದು ತುಂಬಾ ಒಳ್ಳೆಯದು, ಕಾರು ಎತ್ತುವುದೇ ಬೇಡ. ನನ್ನ ಕಾರಿನಲ್ಲಿ ಫಿಲ್ಟರ್‌ಗೆ ಹೇಗೂ ಕೆಳಗೆ ಹೋಗಲೇಬೇಕು, ಹಾಗಾಗಿ ಲಾಭ ಕಾಣಲಿಲ್ಲ. ಬೋಲ್ಟ್ ಜಾಗದಲ್ಲಿ ಕೂರಿಸುವ ಡ್ರೈನ್ ವಾಲ್ವ್ ನನಗೆ ಇದಕ್ಕಿಂತ ಇಷ್ಟ. ಪೈಪ್ ಸಿಕ್ಕಿಸಿ ಹಿಡಿಕೆ ತಿರುಗಿಸಿದರೆ ಎಣ್ಣೆ ನೇರ ಕ್ಯಾನಿಗೆ ಇಳಿಯುತ್ತದೆ. ಆದರೆ ಅದು ಬೋಲ್ಟಿಗಿಂತ ಕೆಳಗೆ ಚಾಚಿಕೊಳ್ಳುತ್ತದೆ. ನೆಲಕ್ಕೆ ಹತ್ತಿರವಿರುವ ಕಾರಿಗೆ ಹಾಕುವ ಮೊದಲು ಅಳತೆ ನೋಡಿ.

ಹೊಸ ಎಣ್ಣೆ ಸುರಿಯುವಾಗಲೂ ಒಂದು ಉಪಾಯ ಇದೆ. ಬಾಯಿ ಒಂದು ಪಕ್ಕಕ್ಕಿರುವ ಕ್ಯಾನನ್ನು ಬಾಯಿ ಮೇಲ್ಗಡೆ ಬರುವ ಹಾಗೆ ಮಲಗಿಸಿ ಹಿಡಿದು ಬಗ್ಗಿಸಬೇಕು. ನೋಡಲು ತಲೆಕೆಳಗು ಅನಿಸುತ್ತದೆ ಅಲ್ವಾ? ಹಾಗೆ ಹಿಡಿದರೆ ಗಾಳಿ ಒಳಗೆ ಹೋಗಲು ದಾರಿ ಸಿಗುತ್ತದೆ, ಗುಳುಗುಳು ಅಂತ ಉಕ್ಕುವುದಿಲ್ಲ. ಜೊತೆಗೆ ಬಾಯಿಗೆ ಗಟ್ಟಿಯಾಗಿ ಕೂರುವ ಆಲಿಕೆ ಇರಲಿ. ಯಾವ ಗ್ರೇಡ್, ಎಷ್ಟು ಲೀಟರ್ ಅಂತ ಕೈಪಿಡಿ ನೋಡಿ, ಅರ್ಧ ಲೀಟರ್ ಕಡಿಮೆಯೇ ಸುರಿದು ನಿಲ್ಲಿಸಿ. ಅರ್ಧ ನಿಮಿಷ ಇಂಜಿನ್ ಓಡಿಸಿ, ಆಯಿಲ್ ದೀಪ ಆರಿದ್ದನ್ನು ನೋಡಿ, ಬೋಲ್ಟ್ ಮತ್ತು ಫಿಲ್ಟರ್ ಬುಡಕ್ಕೆ ಟಾರ್ಚ್ ಬಿಡಿ. ಕಾರು ಇಳಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತಾ ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ.

ಹಳೆ ಎಣ್ಣೆಯನ್ನು ಹೊಸ ಎಣ್ಣೆ ಸುರಿದು ಖಾಲಿಯಾದ ಕ್ಯಾನಿಗೇ ತುಂಬುತ್ತೇನೆ. ಟ್ರೇ ಮೂಲೆಯಿಂದ ಸುರಿಯುವಾಗ ಹನಿ ಹಿಂದಕ್ಕೆ ಹರಿಯದ ಹಾಗೆ ಅಂಚಿಗೆ ಒಂದು ಮಡಿಸಿದ ಫಾಯಿಲ್ ತುಂಡು ಸಿಕ್ಕಿಸಿದರೆ ನೇರ ಆಲಿಕೆಗೆ ಬೀಳುತ್ತದೆ. ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಬಸಿಯಲು ಬಿಡುತ್ತೇನೆ. ಇವೆರಡೂ ಹಳೆ ಎಣ್ಣೆ ತೆಗೆದುಕೊಳ್ಳುವವರ ಹತ್ತಿರ ಹೋಗಬೇಕು. ಮೋರಿಗೂ ಬೇಡ, ಮಣ್ಣಿಗೂ ಬೇಡ. ಒಂದು ಸಲ ಬದಲಿಸಿದ ಎಣ್ಣೆ 10 ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಹಳೆ ಎಣ್ಣೆಯಲ್ಲಿ ಬೇರೆ ಯಾವ ದ್ರವವನ್ನೂ ಬೆರೆಸಬೇಡಿ, ಬೆರೆಸಿದರೆ ಹಳೆ ಎಣ್ಣೆಯವರು ತೆಗೆದುಕೊಳ್ಳದೆ ಇರಬಹುದು.

ಕೊನೆಗೆ ಬೋಲ್ಟ್, ಫಿಲ್ಟರ್ ಸುತ್ತ ಜಿಡ್ಡು ತೆಗೆಯುವ ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ, ಕಾರಿನ ಕೆಳಗೆ ಒಂದು ಹೊಸ ರಟ್ಟು ಹಾಕಿ ಮಲಗಲು ಹೋಗುತ್ತೇನೆ. ಬೋಲ್ಟ್ ಎಲ್ಲಿದೆ, ಫಿಲ್ಟರ್ ಎಲ್ಲಿದೆ ಅಂತ ರಟ್ಟಿನ ಮೇಲೆ ಪೆನ್ನಿನಿಂದ ಎರಡು ವೃತ್ತ ಬರೆದಿರುತ್ತೇನೆ. ಹೋದ ಸಲ ಬೆಳಿಗ್ಗೆ ಎದ್ದು ಎಳೆದು ನೋಡಿದಾಗ ಎರಡು ವೃತ್ತವೂ ಒಣಗಿದ್ದವು.