ಚಕ್ರ ತಿರುಗಬೇಕು, ಹೆಲ್ಮೆಟ್ ನಿಲ್ಲಬೇಕು

ಮೊದಲ ಸಲ ಕಾರ್ ರೇಸ್ ನೋಡಿಕೊಂಡು ಬಂದ ರಾತ್ರಿ, ತೆಗೆದ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡುತ್ತಾ ಕೂತೆ. ಸಾವಿರದ ನಾನೂರು ಫೋಟೋ ಇತ್ತು. ಒಂದೂ ಮಸುಕಾಗಿರಲಿಲ್ಲ. ಟೈರಿನ ಮೇಲಿನ ಅಕ್ಷರ ಓದಬಹುದಿತ್ತು, ಹಿಂದಿನ ರೆಕ್ಕೆಯ ಅಂಚು ಚಾಕುವಿನಷ್ಟು ಚೂಪಾಗಿತ್ತು. ಆದರೂ ಏನೋ ಕಮ್ಮಿ ಅನ್ನಿಸುತ್ತಿತ್ತು. ಜತೆಗೆ ಬಂದಿದ್ದ ಗೆಳೆಯನಿಗೆ ಮಾರನೆಯ ದಿನ ತೋರಿಸಿದೆ. ಅವನು ನಾಲ್ಕೈದು ನೋಡಿ, "ಇದೆಲ್ಲ ನಿಲ್ಲಿಸಿದ ಕಾರಿನ ಹಾಗಿದೆ ಕಣೋ, ಓಡ್ತಾನೇ ಇಲ್ಲ" ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಎಲ್ಲವನ್ನೂ ನಾನು ಶಟರ್ 1/2000 ಸೆಕೆಂಡು ಮಾತ್ರ ತೆರೆಯುವಂತೆ ಇಟ್ಟು ತೆಗೆದಿದ್ದೆ.

ಆಮೇಲೆ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಗಂಟೆಗೆ 150 ಕಿ.ಮೀ. ವೇಗದಲ್ಲಿ ತಿರುವಿಗೆ ಬರುವ ಕಾರು ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 42 ಮೀಟರ್ ಹೋಗುತ್ತದೆ. 2022ರಲ್ಲಿ ಫಾರ್ಮುಲಾ ಒನ್‌ಗೆ 18 ಇಂಚಿನ ರಿಮ್ ಬಂದಾಗ ಟೈರಿನ ವ್ಯಾಸ 72 ಸೆಂ.ಮೀ. ಆಯಿತು. ಅಂದರೆ ಆ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 18 ಸುತ್ತು ಸುತ್ತುತ್ತದೆ. 1/2000 ಸೆಕೆಂಡಿನಲ್ಲಿ ಅದು ತಿರುಗುವುದು ಮೂರು ಡಿಗ್ರಿ ಚಿಲ್ಲರೆ, ಅಷ್ಟೇ. ಕಣ್ಣಿಗೆ ನಿಂತ ಚಕ್ರವೇ. 1/125ಕ್ಕೆ ಇಳಿಸಿದರೆ ಐವತ್ತು ಡಿಗ್ರಿ ದಾಟುತ್ತದೆ. 1/60ಕ್ಕೆ ಬಂದರೆ ಮೂರನೇ ಒಂದು ಸುತ್ತು. ಆಗ ಟೈರಿನ ಪಕ್ಕದ ಬಣ್ಣದ ಅಕ್ಷರಗಳೆಲ್ಲ ಕರಗಿ ಒಂದು ಬಳೆಯಾಗುತ್ತವೆ. ಆ ಬಳೆ ಕಂಡರೆ ಕಾರು ಓಡುತ್ತಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಶಟರ್ ನಿಧಾನ ಮಾಡಿದರೆ ಕಾರೂ ಕರಗುತ್ತದೆ, ಅಲ್ವಾ? ಅದಕ್ಕೇ ಪ್ಯಾನಿಂಗ್ ಬೇಕು. ಕಾರಿನ ವೇಗಕ್ಕೆ ಸರಿಯಾಗಿ ಕ್ಯಾಮೆರಾ ತಿರುಗಿಸುತ್ತಾ ಒತ್ತುವುದು. ನಾನು ಇದನ್ನು ಕಲಿತದ್ದು ಟ್ರ್ಯಾಕಿನಲ್ಲಲ್ಲ, ರಸ್ತೆಯಲ್ಲಿ ಹೋಗುವ ಸೈಕಲ್‌ಗಳ ಮೇಲೆ. ಎರಡು ತಿಂಗಳು ದಿನಾ ಅರ್ಧ ಗಂಟೆ. ತೋಳು ತಿರುಗಿಸಿದರೆ ಕ್ಯಾಮೆರಾ ಕುಲುಕುತ್ತದೆ, ಸೊಂಟ ತಿರುಗಿಸಬೇಕು ಎಂಬುದು ಅಲ್ಲೇ ಗೊತ್ತಾಯಿತು. ಕ್ಲಿಕ್ ಮಾಡಬೇಕಾದ ಜಾಗದ ಕಡೆಗೆ ಪಾದ ಇಟ್ಟು ನಿಲ್ಲುತ್ತೇನೆ. ಆಮೇಲೆ ಸೊಂಟದಿಂದ ಮೇಲೆ ಮಾತ್ರ ಕಾರು ಬರುವ ಕಡೆಗೆ ತಿರುಗಿ, ದೂರದಿಂದಲೇ ಹಿಡಿದು, ಜತೆಗೇ ಬಿಚ್ಚಿಕೊಳ್ಳುತ್ತಾ ಬರುತ್ತೇನೆ. ಪಾದದ ಎದುರು ಬಂದಾಗ ದೇಹ ಸಡಿಲವಾಗಿರುತ್ತದೆ. ಒತ್ತಿದ ಮೇಲೂ ನಿಲ್ಲಿಸುವುದಿಲ್ಲ, ಕಾರು ಹೋಗುವ ಕಡೆಗೆ ಇನ್ನೂ ಸ್ವಲ್ಪ ತಿರುಗುತ್ತೇನೆ. ಒತ್ತಿದ ಕೂಡಲೇ ನಿಲ್ಲಿಸುವವರ ಫೋಟೋದಲ್ಲಿ ಕೊನೆಯ ಗಳಿಗೆಯ ಎಳೆತ ಕಾಣುತ್ತದೆ. ನನ್ನವೂ ಮೊದಲು ಹಾಗೇ ಇದ್ದವು.

ಈಗಲೂ ಟ್ರ್ಯಾಕಿಗೆ ಹೋದ ದಿನ ಮೊದಲು 1/500ರಲ್ಲಿ ಹತ್ತಿಪ್ಪತ್ತು ತೆಗೆದು, ಆಮೇಲೆ 1/250, 1/125, ಕೊನೆಗೆ 1/60 ಎಂದು ಇಳಿಯುತ್ತೇನೆ. ಕೈಗೆ ಆ ದಿನದ ವೇಗ ಹತ್ತಬೇಕು. 1/60ರಲ್ಲಿ ಹತ್ತಕ್ಕೆ ಒಂದು ಸರಿ ಬಂದರೆ ನನಗೆ ಸಂತೋಷ.

ಇಡೀ ಕಾರು ಚೂಪಾಗಿ ಬರಬೇಕು ಎಂಬ ಆಸೆ ಬಿಟ್ಟ ಮೇಲೆಯೇ ನನ್ನ ಫೋಟೋ ಸುಧಾರಿಸಿದ್ದು. ಎದುರು ಹಾದು ಹೋಗುವ ಕಾರಿನ ಮೂಗು, ಬಾಲ ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರುವುದಿಲ್ಲ. ಎರಡೂ ಒಂದೇ ವೇಗದಲ್ಲಿ ಕಣ್ಣ ಮುಂದೆ ತಿರುಗುವುದೂ ಇಲ್ಲ. ಯಾವುದೋ ಒಂದು ಭಾಗ ಮಾತ್ರ ನಿಲ್ಲುತ್ತದೆ. ಆ ಭಾಗ ಹೆಲ್ಮೆಟ್ ಆಗಿರಬೇಕು ಎಂದು ನಾನು ತೀರ್ಮಾನ ಮಾಡಿಕೊಂಡೆ. ಮೂಗು ಕರಗಲಿ, ರೆಕ್ಕೆ ಕರಗಲಿ, ಒಳಗೆ ಕೂತ ಮನುಷ್ಯ ಕಾಣಬೇಕು.

2018ರಲ್ಲಿ ಡ್ರೈವರ್ ತಲೆ ಕಾಪಾಡುವ ಹ್ಯಾಲೋ ಎಂಬ ಚೌಕಟ್ಟು ಕಡ್ಡಾಯವಾದಾಗ ಇದು ಕಷ್ಟವಾಯಿತು. ನೇರ ಎದುರಿನಿಂದ ನಡುವಿನ ಕಂಬ ಮುಖಕ್ಕೇ ಅಡ್ಡ ಬರುತ್ತದೆ. ಪಕ್ಕದಿಂದ ನೋಡಿದರೆ ಹೆಲ್ಮೆಟ್ ಮುಂದೆ ಒಂದು ಪಟ್ಟಿ. ಬೇಲಿ ಪಕ್ಕ ನಿಂತ ನಾವೆಲ್ಲ ಆಗ ಗೊಣಗಿದ್ದು ನಿಜ. 2020ರ ಬಹ್ರೇನ್ ರೇಸಿನಲ್ಲಿ ರೊಮೇನ್ ಗ್ರೋಜಾನ್ ಅವರ ಕಾರು ತಡೆಬೇಲಿಯನ್ನೇ ಸೀಳಿಕೊಂಡು ಹೋಗಿ ಬೆಂಕಿ ಹತ್ತಿತು. ಅವರು ಬೆಂಕಿಯೊಳಗಿಂದ ಎದ್ದು ಬಂದರು. ಅವರ ತಲೆ ಕಾಪಾಡಿದ್ದು ಹ್ಯಾಲೋ. ಅವತ್ತಿನಿಂದ ಅದರ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. ನಿಲ್ಲುವ ಜಾಗ ಬದಲಾಯಿಸಿಕೊಂಡೆ. ತಿರುವು ಮುಗಿಯುವ ಕಡೆ, ಸ್ವಲ್ಪ ಎತ್ತರದಲ್ಲಿ, ಮುಂದಿನ ಮೂಲೆಯಿಂದ ನೋಡಿದರೆ ಕಂಬಕ್ಕೂ ಪಕ್ಕದ ಪಟ್ಟಿಗೂ ನಡುವೆ ಒಂದು ಕಿಟಕಿ ಸಿಗುತ್ತದೆ. ಡ್ರೈವರ್ ಮುಂದಿನ ತಿರುವಿನ ಕಡೆ ಕತ್ತು ಹೊರಳಿಸುವ ಗಳಿಗೆ ಆ ಕಿಟಕಿಯಲ್ಲಿ ಬರುತ್ತದೆ. ಅಷ್ಟು ಸಾಕು.

2022ರಲ್ಲಿ ಕಾರುಗಳೇ ಬದಲಾದವು. ನೆಲದಡಿಯ ಗಾಳಿಯಿಂದ ಕಾರನ್ನು ಕೆಳಕ್ಕೆ ಎಳೆಯುವ ಗ್ರೌಂಡ್ ಎಫೆಕ್ಟ್ ಮರಳಿ ಬಂತು. ಜತೆಗೆ ಕಾರು ಕುಣಿಯುವುದೂ ಬಂತು. ವೇಗ ಹೆಚ್ಚಿದಂತೆ ಕಾರು ನೆಲಕ್ಕೆ ಅಂಟುವಷ್ಟು ಇಳಿಯುತ್ತದೆ. ಆಗ ಅಡಿಯ ಗಾಳಿಯ ದಾರಿ ಕಟ್ಟಿ, ಎಳೆತ ತಪ್ಪಿ, ಕಾರು ಮೇಲೇಳುತ್ತದೆ. ಗಾಳಿ ಮತ್ತೆ ಹರಿದ ಕೂಡಲೇ ಇಳಿಯುತ್ತದೆ. ಇದನ್ನು ಪೊರ್ಪಾಯ್ಸಿಂಗ್ ಅನ್ನುತ್ತಾರೆ. ಆ ವರ್ಷ ಮರ್ಸಿಡಿಸ್ ತಂಡ ಇದರಿಂದ ತುಂಬಾ ಕಷ್ಟಪಟ್ಟಿತು. ನನಗೆ ಇದು ಫೋಟೋದಲ್ಲೇ ಮೊದಲು ಕಂಡಿತು. ನೇರ ದಾರಿಯ ಕೊನೆಯಲ್ಲಿ 1/60ರಲ್ಲಿ ತೆಗೆದರೆ ಹೆಲ್ಮೆಟ್ ಎರಡೆರಡು, ಒಂದರ ಮೇಲೊಂದು. ನನ್ನ ಕೈಯೇ ನಡುಗುತ್ತಿದೆ ಅಂದುಕೊಂಡೆ. ಅಡ್ಡಡ್ಡಕ್ಕೆ ಎಲ್ಲ ಸರಿಯಾಗಿತ್ತು, ಮೇಲೆ ಕೆಳಗೆ ಮಾತ್ರ ಇಬ್ಬರು ಡ್ರೈವರ್‌ಗಳಿದ್ದ ಹಾಗೆ. ಬ್ರೇಕ್ ಹಾಕಿದ ಮೇಲಿನ ಜಾಗಕ್ಕೆ ಸರಿದು ತೆಗೆದೆ, ಸರಿ ಬಂತು. ಕ್ಯಾಮೆರಾ ಹಿಡಿದವನಿಗೂ ಗಾಳಿಯ ಲೆಕ್ಕ ಗೊತ್ತಿರಬೇಕು ಎಂದು ಅವತ್ತು ಅನ್ನಿಸಿತು. ಅದೇ ವರ್ಷ ಬೆಲ್ಜಿಯಂ ರೇಸಿನಿಂದ, ರೇಸಿನ ನಿಯಮ ಮಾಡುವ ಎಫ್‌ಐಎ ಈ ಕುಣಿತಕ್ಕೆ ಮಿತಿ ಹಾಕಿತು. 2023ಕ್ಕೆ ಕಾರಿನ ತಳದ ಅಂಚನ್ನು 15 ಮಿ.ಮೀ. ಎತ್ತರಿಸಿದರು.

2022ರಲ್ಲೇ ಚಕ್ರದ ಮೇಲೆ ಮುಚ್ಚಳವೂ ಬಂತು. ಕಡ್ಡಿಗಳು ಕಾಣದೇ ಹೋದವು. ತಿರುಗುವ ಚಕ್ರದ ಅಂದ ಅರ್ಧ ಇದ್ದದ್ದು ಆ ಕಡ್ಡಿಗಳಲ್ಲಿ ಎಂದು ನನಗೆ ಈಗಲೂ ಬೇಸರವಿದೆ. ಉಳಿದದ್ದು ಟೈರಿನ ಬಣ್ಣ. ಮೆತ್ತಗಿನದಕ್ಕೆ ಕೆಂಪು, ನಡುವಿನದಕ್ಕೆ ಹಳದಿ, ಗಟ್ಟಿಯದಕ್ಕೆ ಬಿಳಿ. ಬಿಸಿಲಿನಲ್ಲಿ ಕೆಂಪು ಬಳೆ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಅರ್ಹತಾ ಸುತ್ತಿನ ದಿನ ಜಾಸ್ತಿ ತೆಗೆಯುತ್ತೇನೆ, ಆಗ ಹೆಚ್ಚಿನವರು ಕೆಂಪಿನಲ್ಲೇ ಇರುತ್ತಾರೆ.

ಕಾರಿನ ಬಣ್ಣವೂ ಕೆಲಸ ಹೆಚ್ಚಿಸಿತು. ತೂಕ ಇಳಿಸಲು ತಂಡಗಳು ಬಣ್ಣವನ್ನೇ ಬಿಟ್ಟು ಕಾರ್ಬನ್ ಬರಿದಾಗಿ ಬಿಟ್ಟವು. 2023ರಲ್ಲಿ ಮರ್ಸಿಡಿಸ್ ಕಪ್ಪಾಗಿ ಬಂದದ್ದಕ್ಕೂ ಕಾರಣ ತೂಕವೇ. ಕಪ್ಪು ಕಾರು ಚೌಕಟ್ಟು ತುಂಬಿದರೆ ಕ್ಯಾಮೆರಾ ಕತ್ತಲೆ ಎಂದುಕೊಂಡು ಬೆಳಕು ಜಾಸ್ತಿ ಬಿಡುತ್ತದೆ, ಹೆಲ್ಮೆಟ್ ಬೆಳ್ಳಗಾಗಿ ಹೋಗುತ್ತದೆ. ನಾನು ಟ್ರ್ಯಾಕಿನ ಡಾಂಬರಿಗೆ ಅಳತೆ ತೆಗೆದು ಕೈಯಲ್ಲೇ ಹೊಂದಿಸಿ ಇಟ್ಟುಬಿಡುತ್ತೇನೆ. ಮೋಡ ಬರುವವರೆಗೂ ಮುಟ್ಟುವುದಿಲ್ಲ. ಒಂದೇ ತಂಡದ ಎರಡು ಕಾರುಗಳಲ್ಲಿ ಯಾವುದು ಯಾರದು ಎಂದು ಹುಡುಕುವವರಿಗೆ ಒಂದು ಗುರುತು ಹೇಳುತ್ತೇನೆ. ಡ್ರೈವರ್ ತಲೆಯ ಮೇಲಿರುವ ಪುಟ್ಟ ಟಿವಿ ಕ್ಯಾಮೆರಾ ನೋಡಿ. ಒಂದು ಕಾರಿಗೆ ಕಪ್ಪು, ಇನ್ನೊಂದಕ್ಕೆ ಹಳದಿ.

ಬೆಳಕಿನ ತೊಂದರೆ ಇನ್ನೊಂದಿದೆ. ಸುಡು ಬಿಸಿಲಿನಲ್ಲಿ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಎಂಬ ಅಳತೆ) 100 ಇಟ್ಟರೂ 1/60ಕ್ಕೆ ಲೆನ್ಸಿನ ಕಿಂಡಿಯನ್ನು ಎಫ್ 22ರ ಹತ್ತಿರ ಕಿರಿದು ಮಾಡಬೇಕು. ಅಷ್ಟು ಕಿರಿದಾದ ಕಿಂಡಿಯಲ್ಲಿ ಫೋಟೋ ಮೆತ್ತಗಾಗುತ್ತದೆ, ಸೆನ್ಸರ್ ಮೇಲಿನ ಧೂಳೆಲ್ಲ ಚುಕ್ಕೆಯಾಗಿ ಎದ್ದು ಕಾಣುತ್ತದೆ. ಬೇಲಿಯ ಹಿಂದೆ ನಿಂತವರಿಗಂತೂ ಇದು ಇನ್ನೂ ಕೆಟ್ಟದ್ದು. ಬೇಲಿಯ ತಂತಿ ಕರಗಬೇಕಾದರೆ ಕಿಂಡಿ ಅಗಲವಾಗಿರಬೇಕು. ಮೂರು ಸ್ಟಾಪ್ ತಡೆಯುವ, ಅಂದರೆ ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು ಹಾಕಿದೆ, ಎಫ್ 8ಕ್ಕೆ ಬಂದೆ. ಎರಡೂ ಕಷ್ಟ ಒಟ್ಟಿಗೆ ಕಮ್ಮಿಯಾದವು. ಬೇಲಿಯಲ್ಲಿ ನೆರಳು ಬಿದ್ದಿರುವ ಭಾಗ ಹುಡುಕಿ, ಲೆನ್ಸನ್ನು ತಂತಿಗೆ ಮುಟ್ಟುವಷ್ಟು ಹತ್ತಿರ ಹಿಡಿಯುತ್ತೇನೆ. ಬಿಸಿಲಿಗೆ ಹೊಳೆಯುವ ತಂತಿಯನ್ನು ಯಾವ ಲೆನ್ಸೂ ಅಳಿಸುವುದಿಲ್ಲ. ಫೋಟೋ ಪೂರ್ತಿ ಮಂಜು ಕವಿದ ಹಾಗಾಗುತ್ತದೆ.

ಒಂದು ವರ್ಷ ಹೊಸ ಕ್ಯಾಮೆರಾ ತೆಗೆದುಕೊಂಡೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್, ಸೆಕೆಂಡಿಗೆ ಇಪ್ಪತ್ತು ಫೋಟೋ. ಇಡೀ ದಿನ ಅದರಲ್ಲೇ ತೆಗೆದೆ. ಮನೆಗೆ ಬಂದು ನೋಡಿದರೆ ಹಿನ್ನೆಲೆಯ ಕಂಬಗಳೆಲ್ಲ ಒಂದು ಕಡೆಗೆ ವಾಲಿವೆ, ಚಕ್ರಗಳು ದುಂಡಗಿಲ್ಲ. ಆ ಸೆನ್ಸರ್ ಚಿತ್ರವನ್ನು ಒಂದೇ ಸಲ ಹಿಡಿಯುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಕೊನೆಯ ಸಾಲು ಓದುವಷ್ಟರಲ್ಲಿ ಎಲ್ಲವೂ ಜಾಗ ಬಿಟ್ಟಿರುತ್ತದೆ. ಒಂದು ಒಳ್ಳೆಯ ದಿನ ಹಾಗೆ ಕೈತಪ್ಪಿತು. ತುಂಬಾ ನೊಂದುಕೊಂಡೆ.

ಆದರೆ ಆ ವಾಲಿದ ಫೋಟೋಗಳೇ ನನ್ನನ್ನು ಒಂದು ಹಳೆಯ ಚಿತ್ರಕ್ಕೆ ಕರೆದೊಯ್ದವು. 1910ರ ದಶಕದಲ್ಲಿ ಫ್ರಾನ್ಸಿನ ಗ್ರ್ಯಾನ್ ಪ್ರಿಯಲ್ಲಿ ಜಾಕ್ ಆನ್ರಿ ಲಾರ್ಟಿಗ್ ಎಂಬ ಹುಡುಗ ತೆಗೆದ ಫೋಟೋ ಅದು. ಕಾರಿನ ಹಿಂದಿನ ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ವಾಲಿದೆ. ಹಿಂದೆ ನಿಂತ ಜನ, ಕಂಬ ಎಲ್ಲ ಎದುರು ದಿಕ್ಕಿಗೆ ವಾಲಿದ್ದಾರೆ. ಅವನ ಕ್ಯಾಮೆರಾದ ಶಟರ್‌ನ ಸೀಳು ಚಿತ್ರದ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು, ಅವನು ಕಾರಿನ ಜತೆ ಕ್ಯಾಮೆರಾ ತಿರುಗಿಸುತ್ತಿದ್ದ. ನೂರು ವರ್ಷದ ಹಿಂದಿನ ಆ ಸೀಳಿಗೂ ನನ್ನ ಸೆನ್ಸರ್‌ನ ಸಾಲುಗಳಿಗೂ ಇದ್ದ ದೋಷ ಒಂದೇ. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಲಾರ್ಟಿಗ್ ಚಿತ್ರಗಳ ಪ್ರದರ್ಶನ ನಡೆಯಿತು. ಆ ವಾಲಿದ ಚಕ್ರದಷ್ಟು ವೇಗ ನಾನು ಬೇರೆ ಯಾವ ರೇಸ್ ಫೋಟೋದಲ್ಲೂ ಕಂಡಿಲ್ಲ. ಈಗ ಇಡೀ ಚಿತ್ರವನ್ನು ಒಂದೇ ಗಳಿಗೆಯಲ್ಲಿ ಓದುವ ಸೆನ್ಸರ್‌ಗಳೂ ಬಂದಿವೆ, ಸೋನಿ 2023ರಲ್ಲಿ ಅಂಥದ್ದೊಂದನ್ನು ಪ್ರಕಟಿಸಿತು. ನಾನು ಮಾತ್ರ ಮೆಕ್ಯಾನಿಕಲ್ ಶಟರ್‌ಗೇ ಮರಳಿದೆ. ಅದರಲ್ಲೂ ಚೂರು ವಾಲುತ್ತದೆ, ಆದರೆ ಕಣ್ಣಿಗೆ ಹತ್ತುವಷ್ಟಿಲ್ಲ.

ಮಳೆಯ ದಿನ ಮಾತ್ರ ನನ್ನ ನಿಯಮ ಬೇರೆ. ಪೂರ್ತಿ ಮಳೆಯ ಟೈರು ಗಂಟೆಗೆ 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರು ಹೊರಹಾಕುತ್ತದೆ ಎಂದು ಟೈರ್ ಮಾಡುವ ಪಿರೆಲ್ಲಿ ಕಂಪನಿ ಹೇಳುತ್ತದೆ. ಆ ನೀರೆಲ್ಲ ಕಾರಿನ ಹಿಂದೆ ಗೋಡೆಯಾಗಿ ಏಳುತ್ತದೆ. ಪ್ಯಾನಿಂಗ್ ಮಾಡಿದರೆ ಆ ಗೋಡೆ ಬರೀ ಬೂದಿ ಬಣ್ಣ. ಅವತ್ತು 1/1000 ಇಡುತ್ತೇನೆ, ಹನಿ ಹನಿಯೂ ಕಾಣಲಿ ಎಂದು. ಚಲನೆಯನ್ನು ನೀರೇ ತೋರಿಸುತ್ತದೆ. ಸಂಜೆಯ ಕಿಡಿಗಳಿಗೆ ಇದರ ತದ್ವಿರುದ್ಧ. ಕಾರಿನಡಿಯ ಹಲಗೆಯಲ್ಲಿ ಕೂರಿಸಿದ ಟೈಟಾನಿಯಂ ತುಂಡು ನೆಲಕ್ಕೆ ಉಜ್ಜಿದಾಗ ಆ ಕಿಡಿ ಹಾರುವುದು. 1/1000ದಲ್ಲಿ ಅವು ಚುಕ್ಕೆ, 1/80ರಲ್ಲಿ ಉದ್ದ ಗೆರೆ.

2026ರ ನಿಯಮದ ಕಾರುಗಳಿಗಾಗಿ ನನ್ನ ಜಾಗ ಮತ್ತೆ ಬದಲಾಯಿಸಬೇಕು. ಅಗಲ 10 ಸೆಂ.ಮೀ. ಕಮ್ಮಿ, ನೇರ ದಾರಿಯಲ್ಲಿ ಹಿಂದಿನ ರೆಕ್ಕೆಯ ಪಟ್ಟಿ ತೆರೆಯುತ್ತಿದ್ದ, 2011ರಿಂದ ಇದ್ದ ಡಿಆರ್‌ಎಸ್ ಇಲ್ಲ. ಅದರ ಬದಲು ನೇರ ದಾರಿಯಲ್ಲಿ ಮುಂದಿನ, ಹಿಂದಿನ ಎರಡೂ ರೆಕ್ಕೆ ಚಪ್ಪಟೆಯಾಗಿ, ತಿರುವಿಗೆ ಮುಂಚೆ ಮತ್ತೆ ಎದ್ದು ನಿಲ್ಲುತ್ತವೆ. ಆ ಏಳುವ ಗಳಿಗೆ ನನಗೆ ಬೇಕು. ಬ್ರೇಕ್ ಹಾಕುವ ಫಲಕದ ಎದುರು, ಬೇಲಿಗೆ ನೆರಳು ಬೀಳುವ ಹೊತ್ತಿಗೆ, 1/125ರಿಂದ ಶುರು ಮಾಡಬೇಕೆಂದಿದ್ದೇನೆ.