ಫೀಸಿಲ್ಲದ ಶಾಲೆ: ಅಮೆರಿಕಕ್ಕೆ ಹೊರಟ ದಾವಣಗೆರೆ, ಚಿತ್ರದುರ್ಗದ ಅಪ್ಪ-ಅಮ್ಮಂದಿರಿಗೆ

ಹೋದ ತಿಂಗಳು ಚಿತ್ರದುರ್ಗದಿಂದ ಒಬ್ಬ ತಾಯಿ ಫೈಲು ಹಿಡಿದುಕೊಂಡು ದಾವಣಗೆರೆಯ ನಮ್ಮ ಮನೆಗೆ ಬಂದಿದ್ದರು. ಗಂಡ ಆಗಲೇ ಟೆಕ್ಸಾಸ್‌ನಲ್ಲಿದ್ದಾರೆ. ಇವರು ಐದು ವರ್ಷದ ಮಗಳನ್ನು ಕರೆದುಕೊಂಡು ಹೊರಡಬೇಕು. ಕೂತ ತಕ್ಷಣ ಕೇಳಿದ್ದು ಒಂದೇ ಮಾತು. "ಅಕ್ಕಾ, ಅಲ್ಲಿ ಡೊನೇಶನ್ ಎಷ್ಟು?"

ಡೊನೇಶನ್ ಇಲ್ಲ, ಫೀಸೂ ಇಲ್ಲ ಅಂದೆ. ಅವರು ನಂಬಲಿಲ್ಲ. ನಾನು ಒಂಬತ್ತು ವರ್ಷ ಅಲ್ಲಿದ್ದು, ಎರಡು ಮಕ್ಕಳನ್ನು ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಓದಿಸಿ ಊರಿಗೆ ವಾಪಸ್ ಬಂದವಳು. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಕಂಡಿದ್ದು ಟೆಕ್ಸಾಸ್. ಬೇರೆ ರಾಜ್ಯಗಳಲ್ಲಿ ನಿಯಮ ಸ್ವಲ್ಪ ಬೇರೆ ಇರುತ್ತದೆ, ಆದರೆ ಒಟ್ಟು ವ್ಯವಸ್ಥೆ ಇದೇ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮ ಊರಲ್ಲಿ 'ಪಬ್ಲಿಕ್ ಸ್ಕೂಲ್' ಅಂತ ಬೋರ್ಡ್ ಹಾಕಿಕೊಂಡಿರುವುದು ಹೆಚ್ಚಾಗಿ ಖಾಸಗಿ ಶಾಲೆಗಳು. ಅಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಸರ್ಕಾರಿ ಶಾಲೆ. ಡಾಕ್ಟರ್ ಮಕ್ಕಳೂ ಅಲ್ಲೇ, ಅಂಗಡಿ ಕೆಲಸದವರ ಮಕ್ಕಳೂ ಅಲ್ಲೇ. ಎಲಿಮೆಂಟರಿ ಸ್ಕೂಲ್ ಅಂದರೆ ಸಾಮಾನ್ಯವಾಗಿ ಕಿಂಡರ್‌ಗಾರ್ಟನ್‌ನಿಂದ ಐದನೇ ತರಗತಿವರೆಗೆ. ಆ ಪ್ರದೇಶದ ಶಾಲೆಗಳನ್ನೆಲ್ಲ ಸ್ಕೂಲ್ ಡಿಸ್ಟ್ರಿಕ್ಟ್ ಅನ್ನುವ ಸಂಸ್ಥೆ ನಡೆಸುತ್ತದೆ. ದುಡ್ಡು ಬಹುಪಾಲು ಮನೆ ಕಂದಾಯದಿಂದ ಮತ್ತು ರಾಜ್ಯ ಸರ್ಕಾರದಿಂದ ಬರುತ್ತದೆ. ನೀವು ಬಾಡಿಗೆ ಮನೆಯಲ್ಲಿದ್ದರೂ ಬಾಡಿಗೆಯಲ್ಲಿ ಆ ಕಂದಾಯ ಸೇರಿರುತ್ತದೆ. ಹಾಗಾಗಿ ಶಾಲೆ ಬಿಟ್ಟಿಯೇನಲ್ಲ, ನೀವು ಬೇರೆ ದಾರಿಯಲ್ಲಿ ಕಟ್ಟುತ್ತಿದ್ದೀರಿ. ಕೇಳಲು ಸಂಕೋಚ ಬೇಡ.

ಸೀಟು ಸಿಗುವುದು ಮನೆ ವಿಳಾಸದ ಮೇಲೆ. ಇದನ್ನು ಗಟ್ಟಿಯಾಗಿ ನೆನಪಿಡಿ. ಇಲ್ಲಿ ನಾವು ಮೊದಲು ಶಾಲೆ ಹುಡುಕಿ, ಆಮೇಲೆ ಆಟೋ ಗೊತ್ತು ಮಾಡುತ್ತೇವೆ. ಅಲ್ಲಿ ಬಾಡಿಗೆ ಕರಾರಿಗೆ ಸಹಿ ಹಾಕಿದ ದಿನವೇ ಮಗುವಿನ ಶಾಲೆ ತೀರ್ಮಾನವಾಗಿರುತ್ತದೆ. ಒಂದೇ ರಸ್ತೆಯ ಆಚೆ ಕಡೆ ಒಂದು ಶಾಲೆ, ಈಚೆ ಕಡೆ ಇನ್ನೊಂದು ಇರಬಹುದು. ಡಿಸ್ಟ್ರಿಕ್ಟ್ ವೆಬ್‌ಸೈಟ್‌ನಲ್ಲಿ ವಿಳಾಸ ಹಾಕಿದರೆ ಯಾವ ಶಾಲೆ ಅಂತ ತೋರಿಸುತ್ತದೆ. ಸಹಿ ಹಾಕುವ ಮುಂಚೆ ನೋಡಿ. ಹಾಗೇ ಶಾಲೆಗೆ ಫೋನ್ ಮಾಡಿ ಆ ತರಗತಿಯಲ್ಲಿ ಜಾಗ ಇದೆಯಾ ಅಂತ ಕೇಳಿ. ತುಂಬಿದ್ದರೆ ಮಗುವನ್ನು ಪಕ್ಕದ ಶಾಲೆಗೆ ಕಳಿಸುತ್ತಾರೆ. ಅಂತರ್ಜಾಲದಲ್ಲಿ ಶಾಲೆಗಳಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟಿರುತ್ತಾರೆ. ಅದರಲ್ಲಿ ಪರೀಕ್ಷೆಯ ಫಲಿತಾಂಶಕ್ಕೇ ಜಾಸ್ತಿ ತೂಕ. ಐದು ವರ್ಷದ ಮಗುವಿಗೆ ಶಾಲೆ ಮನೆಗೆ ಹತ್ತಿರ ಇರುವುದು, ನಡೆದು ಹೋಗಲು ಫುಟ್‌ಪಾತ್ ಇರುವುದು ಅದಕ್ಕಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ. ಡ್ರೈವಿಂಗ್ ಲೈಸೆನ್ಸ್ ಬರುವವರೆಗೆ ನಿಮಗೆ ನಡಿಗೆಯೇ ಗತಿ.

ವೀಸಾ ಯಾವುದು ಅಂತ ಡಿಪೆಂಡೆಂಟ್ ಆಗಿ, ಅಂದರೆ ಅಪ್ಪ ಅಥವಾ ಅಮ್ಮನ ವೀಸಾದ ಆಧಾರದ ಮೇಲೆ ಹೋಗುವ ಮಕ್ಕಳ ತಾಯಂದಿರು ಹೆದರಬೇಕಿಲ್ಲ. ವಲಸೆ ಕಾಗದ ಇಲ್ಲದ ಮಗುವಿಗೂ ಶಾಲೆ ನಿರಾಕರಿಸುವಂತಿಲ್ಲ ಅಂತ 1982ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಆ ಮೊಕದ್ದಮೆ ಹುಟ್ಟಿದ್ದೂ ಟೆಕ್ಸಾಸ್‌ನಲ್ಲೇ.

ಇಲ್ಲಿಂದ ಹೊರಡುವ ಮುಂಚೆ ಮಾಡಬೇಕಾದ ಕೆಲಸ ಮೂರು. ಪಾಲಿಕೆಯಿಂದಲೋ ನಗರಸಭೆಯಿಂದಲೋ ಮಗುವಿನ ಹೆಸರು ಸೇರಿಸಿದ ಜನನ ಪ್ರಮಾಣ ಪತ್ರ ತೆಗೆದುಕೊಳ್ಳಿ. ಎರಡನೆಯದು ಪಾಸ್‌ಪೋರ್ಟ್‌ನ ಹೆಸರು. ನಮ್ಮಲ್ಲಿ ಹೆಸರಿನ ಮುಂದೆ ಇನಿಷಿಯಲ್ ಹಾಕಿ, ಸರ್‌ನೇಮ್ ಜಾಗ ಖಾಲಿ ಬಿಡುವ ರೂಢಿ. ಆಗ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗುತ್ತದೆ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತದೆ, ಅಂದರೆ ಮೊದಲ ಹೆಸರು ತಿಳಿದಿಲ್ಲ ಅಂತ. ಅದೇ ಶಾಲೆಯ ದಾಖಲೆಗೂ ಹೋಗುತ್ತದೆ. ಮೊದಲ ದಿನ ಟೀಚರ್ ಮಗುವನ್ನು ಆ ಅಕ್ಷರಗಳಿಂದ ಕರೆದರೆ ಮಗು ಏನು ಮಾಡಬೇಕು? ವೀಸಾಗೆ ಮುಂಚೆಯೇ ಸರ್‌ನೇಮ್ ಸೇರಿಸಿಬಿಡಿ.

ಮೂರನೆಯದು ಲಸಿಕೆ. ತಾಯಿ ಕಾರ್ಡ್ ತೆಗೆದು ನೋಡಿ. ನಮ್ಮ ಸರ್ಕಾರಿ ಪಟ್ಟಿಯಲ್ಲಿರುವುದು ಎಂ.ಆರ್., ಅಂದರೆ ದಡಾರ ಮತ್ತು ರುಬೆಲ್ಲಾ. ಟೆಕ್ಸಾಸ್ ಶಾಲೆ ಕೇಳುವುದು ಎಂ.ಎಂ.ಆರ್., ಅದರಲ್ಲಿ ಮಂಗನಬಾವಿನ ಲಸಿಕೆಯೂ ಸೇರಿದೆ. ಎರಡು ಡೋಸ್ ಬೇಕು, ಮೊದಲನೆಯದು ಒಂದು ವರ್ಷ ತುಂಬಿದ ಮೇಲೇ ಹಾಕಿಸಿರಬೇಕು. ಒಂಬತ್ತನೇ ತಿಂಗಳಿನದು ಲೆಕ್ಕಕ್ಕೆ ಬರಲ್ಲ. ಚಿಕನ್‌ಪಾಕ್ಸ್‌ಗೆ ಎರಡು ಡೋಸ್, ಹೆಪಟೈಟಿಸ್-ಎಗೆ ಎರಡು ಡೋಸ್ ಕೂಡ ಬೇಕು, ಇವು ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಚಿಕನ್‌ಪಾಕ್ಸ್ ಡೋಸ್‌ಗಳ ನಡುವೆ ಮೂರು ತಿಂಗಳು, ಹೆಪಟೈಟಿಸ್-ಎಗೆ ಆರು ತಿಂಗಳು ಅಂತರ ಬೇಕು. ಅದಕ್ಕೇ ಟಿಕೆಟ್ ಮಾಡಿಸುವ ಮುಂಚೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ತಾರೀಖು, ಸಹಿ, ಸೀಲು ಎಲ್ಲ ಇಂಗ್ಲಿಷ್‌ನಲ್ಲಿ ಇರಲಿ. ಅಲ್ಲಿ ಕೆಲವು ಕಡೆ ಟಿ.ಬಿ. ಪರೀಕ್ಷೆಯನ್ನೂ ಕೇಳುತ್ತಾರೆ. ನಮ್ಮ ಮಕ್ಕಳಿಗೆ ಟಿ.ಬಿ. ತಡೆಯುವ ಬಿ.ಸಿ.ಜಿ. ಲಸಿಕೆ ಆಗಿರುವುದರಿಂದ ಚರ್ಮದ ಪರೀಕ್ಷೆ ಸುಮ್ನೆ ಪಾಸಿಟಿವ್ ತೋರಿಸಬಹುದು. ರಕ್ತ ಪರೀಕ್ಷೆ ಮಾಡಿ ಅಂತ ಕೇಳಿ.

ವಯಸ್ಸಿನ ಲೆಕ್ಕ ಸರಳ. ಸೆಪ್ಟೆಂಬರ್ 1ಕ್ಕೆ ಐದು ತುಂಬಿದ್ದರೆ ಕಿಂಡರ್‌ಗಾರ್ಟನ್, ಆರು ತುಂಬಿದ್ದರೆ ಒಂದನೇ ತರಗತಿ.

ಸೇರಿಸುವಾಗ ಒಂದು ಫಾರ್ಮ್ ಕೊಡುತ್ತಾರೆ. ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ, ಮಗು ಯಾವ ಭಾಷೆ ಮಾತಾಡುತ್ತೆ ಅಂತ. ನಮ್ಮವರಲ್ಲಿ ಎಷ್ಟೋ ಜನ ಹೆದರಿ 'ಇಂಗ್ಲಿಷ್' ಅಂತ ಬರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕನ್ನಡ ಅಂತಲೇ ಬರೆಯಿರಿ. ಆಗ ಮಗುವಿಗೆ ಒಂದು ಪರೀಕ್ಷೆ ಮಾಡಿ, ಬೇಕಿದ್ದರೆ ಇಂಗ್ಲಿಷ್ ಕಲಿಸಲೆಂದೇ ತರಬೇತಾದ ಟೀಚರ್‌ರಿಂದ ಪಾಠ ಮಾಡಿಸುತ್ತಾರೆ. ಅದು ದಡ್ಡರ ಕ್ಲಾಸ್ ಅಲ್ಲ. ಇದರಲ್ಲಿ ಇನ್ನೊಂದು ಲಾಭ ಇದೆ, ಬಹಳ ಜನಕ್ಕೆ ಗೊತ್ತೇ ಇಲ್ಲ. ಟೆಕ್ಸಾಸ್‌ನಲ್ಲಿ ನಾಲ್ಕು ವರ್ಷದವರ ಪ್ರೀ-ಕೆ, ಅಂದರೆ ಕಿಂಡರ್‌ಗಾರ್ಟನ್‌ಗೆ ಮುಂಚಿನ ತರಗತಿ, ಎಲ್ಲರಿಗೂ ಉಚಿತವಲ್ಲ. ಆದರೆ ಇಂಗ್ಲಿಷ್ ಮಾತಾಡಲು, ಅರ್ಥ ಮಾಡಿಕೊಳ್ಳಲು ಬಾರದ ಮಗುವಿಗೆ ಉಚಿತ. ಮನೆಯಲ್ಲಿ ಬರೀ ಕನ್ನಡ ಕೇಳಿ ಬೆಳೆದ ಮಗುವಿಗೆ ಆ ಸೀಟು ಸಿಗಬಹುದು.

ಇನ್ನು ದಿನಚರಿ. ನಮ್ಮ ಶಾಲೆಯಲ್ಲಿ 7:40ಕ್ಕೆ ಬೆಲ್. ಅಮೆರಿಕದ ಬಾವುಟಕ್ಕೆ ಪ್ರತಿಜ್ಞೆ, ಟೆಕ್ಸಾಸ್ ಬಾವುಟಕ್ಕೆ ಇನ್ನೊಂದು, ಆಮೇಲೆ ಒಂದು ನಿಮಿಷ ಮೌನ. ಬೆಳಗ್ಗೆಯ ಹೆಚ್ಚಿನ ಹೊತ್ತು ಓದು, ಬರಹ. ಆಮೇಲೆ ಗಣಿತ. ಊಟಕ್ಕೆ ಅರ್ಧ ಗಂಟೆ, ಹೊರಗೆ ಆಟಕ್ಕೆ ಅಷ್ಟೇ ಹೊತ್ತು. ದಿನಕ್ಕೊಂದರಂತೆ ಸಂಗೀತ, ಚಿತ್ರಕಲೆ, ವ್ಯಾಯಾಮ. ಲೈಬ್ರರಿಯಿಂದ ವಾರಕ್ಕೆರಡು ಪುಸ್ತಕ ಮನೆಗೆ. ಮೂರು ಗಂಟೆಗೆ ಮುಗೀತು. ರ‍್ಯಾಂಕ್ ಇಲ್ಲ, ಚಿಕ್ಕ ತರಗತಿಗಳಲ್ಲಿ ಹೋಂವರ್ಕ್ ಕಡಿಮೆ, ರಾಜ್ಯದ ಪರೀಕ್ಷೆ ಶುರುವಾಗುವುದು ಮೂರನೇ ತರಗತಿಯಿಂದ. ಯಾರಾದರೂ ಬಂದೂಕು ಹಿಡಿದು ಶಾಲೆಗೆ ನುಗ್ಗುವ ಅಪಾಯಕ್ಕೆ ತಯಾರಿಯಾಗಿ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಸದ್ದಿಲ್ಲದೆ ಕೂರುವ ಅಭ್ಯಾಸವನ್ನೂ ಮಾಡಿಸುತ್ತಾರೆ. ಮಗುವಿಗೆ ಮನೆಯಲ್ಲೇ ಕನ್ನಡದಲ್ಲಿ ಮೊದಲೇ ಹೇಳಿಡಿ, ಇಲ್ಲದಿದ್ದರೆ ಹೆದರಿಬಿಡುತ್ತದೆ.

ಮೂರು ಗಂಟೆ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮಗು ಮನೆಗೆ ಹೇಗೆ ಹೋಗುತ್ತದೆ ಅಂತ ಮೊದಲ ದಿನವೇ ಬರೆದುಕೊಡಬೇಕು. ಹಳದಿ ಬಸ್ಸಿನಲ್ಲೋ, ಕಾರಿನಲ್ಲೋ, ನಡೆದೋ. ಕಾರಿನವರಿಗೆ ಒಂದು ನಂಬರ್ ಕಾರ್ಡ್. ಅದನ್ನು ಗಾಜಿಗೆ ತೂಗುಹಾಕಿ ಸಾಲಿನಲ್ಲಿ ಬಂದರೆ, ವಾಕಿಟಾಕಿ ಹಿಡಿದ ಟೀಚರ್ ನಂಬರ್ ಕೂಗಿ ಮಗುವನ್ನು ಹತ್ತಿಸುತ್ತಾರೆ. ಬದಲಾವಣೆ ಇದ್ದರೆ ಆಫೀಸಿಗೆ ಮೊದಲೇ ತಿಳಿಸಬೇಕು, ಮಗುವಿನ ಬಾಯಲ್ಲಿ ಹೇಳಿ ಕಳಿಸಿದರೆ ಒಪ್ಪಲ್ಲ.

ನಮ್ಮಪ್ಪ ಮೊದಲ ಸಲ ಅಲ್ಲಿಗೆ ಬಂದಾಗ, ನಾನು ಮಲಗಿದ್ದೀನಿ ಅಂತ ತಾವೇ ಪಂಚೆ ಮೇಲೆ ಸ್ವೆಟರ್ ಹಾಕಿಕೊಂಡು ಮೊಮ್ಮಗಳನ್ನು ಕರೆತರಲು ಶಾಲೆಗೆ ನಡೆದು ಹೋದರು. ಗಾಜಿನ ಬಾಗಿಲಾಚೆ ಮಗು "ತಾತಾ" ಅಂತ ಕುಣಿಯುತ್ತಿದ್ದಳು. ಆದರೂ ಕಳಿಸಲಿಲ್ಲ. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಕೈಯಲ್ಲಿ ಪಾಸ್‌ಪೋರ್ಟೂ ಇರಲಿಲ್ಲ. ನಾನು ಓಡಿ ಹೋಗುವಷ್ಟರಲ್ಲಿ ಅಪ್ಪ ಕಣ್ಣು ಒರೆಸಿಕೊಳ್ಳುತ್ತಾ ಬೆಂಚಿನ ಮೇಲೆ ಕೂತಿದ್ದರು. ಶಾಲೆ ಮಾಡಿದ್ದು ಸರಿ. ಹೆಸರು ಸೇರಿಸದೆ ತಪ್ಪು ಮಾಡಿದ್ದು ನಾನು. ಊರಿಂದ ಅಪ್ಪ-ಅಮ್ಮ ಬರುವ ವಾರವೇ ಅವರ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಸೇರಿಸಿ.

ಹೊಸದಾಗಿ ಕಾರು ಓಡಿಸುವವರಿಗೆ ಒಂದು ಮಾತು. ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತಾಗ ಹಿಂದಿನವರೂ ಎದುರಿನವರೂ ನಿಲ್ಲಲೇಬೇಕು. ನಡುವೆ ವಿಭಜಕ ಇರುವ ರಸ್ತೆಯಲ್ಲಿ ಮಾತ್ರ ಎದುರಿನವರಿಗೆ ವಿನಾಯಿತಿ. ದಂಡ ಭಾರಿ.

ಊಟಕ್ಕೆ ಬರೋಣ. ನನ್ನ ಮಗನ ಡಬ್ಬಿಗೆ ಚಪಾತಿ, ಮೇಲೆ ಬೆಣ್ಣೆ, ಅದರ ಮೇಲೆ ಚಳ್ಳಕೆರೆಯಿಂದ ಅತ್ತೆ ಕಳಿಸಿದ ಶೇಂಗಾ ಚಟ್ನಿಪುಡಿ ಹಾಕಿ ಸುರುಳಿ ಸುತ್ತಿ ಕಳಿಸಿದ್ದೆ. ಹತ್ತೂವರೆಗೆ ಶಾಲೆಯ ನರ್ಸ್ ಫೋನ್. ಅವನ ಪಕ್ಕ ಕೂರುವ ಹುಡುಗಿಗೆ ಶೇಂಗಾ ಅಲರ್ಜಿ, ಚೂರು ತಾಗಿದರೂ ಉಸಿರು ಕಟ್ಟುತ್ತದಂತೆ. ಅವತ್ತು ಮಗ ಬೇರೆ ಟೇಬಲ್‌ನಲ್ಲಿ ಒಬ್ಬನೇ ಕೂತು ಉಂಡ. ಶೇಂಗಾ ಬೆಳೆಯುವ ಸೀಮೆಯವರು ನಾವು, ಒಗ್ಗರಣೆ ಮಂಡಕ್ಕಿಗೂ ಚಿತ್ರಾನ್ನಕ್ಕೂ ಅದು ಬೇಕೇ ಬೇಕು. ಆದರೂ ಶಾಲೆ ಡಬ್ಬಿಗೆ ಬೇಡ. ಪುಟಾಣಿ ಚಟ್ನಿಪುಡಿ ಹಾಕಿ. ಶಾಲೆಯಲ್ಲೇ ಊಟ ಕೊಳ್ಳಬಹುದು, ಒಂದು ಊಟ ಮೂರು ಡಾಲರ್ ಆಸುಪಾಸು. ನಮ್ಮ ಬಿಸಿಯೂಟದ ಹಾಗೆ ಎಲ್ಲರಿಗೂ ಉಚಿತವಲ್ಲ. 1946ರ ಕಾಯ್ದೆಯಿಂದ ಬಂದ ಯೋಜನೆಯಲ್ಲಿ ಕುಟುಂಬದ ಆದಾಯ ಕಡಿಮೆ ಇದ್ದರೆ ಉಚಿತ ಅಥವಾ ರಿಯಾಯಿತಿ ಬೆಲೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಮಾತ್ರ ಎಲ್ಲ ಮಕ್ಕಳಿಗೂ ಉಚಿತ. ಸಸ್ಯಾಹಾರಿಗಳು ಜೆಲ್ಲಿ, ಮಾರ್ಷ್‌ಮೆಲೋ ಬಗ್ಗೆ ಎಚ್ಚರ ಇರಲಿ, ಅದರಲ್ಲಿ ಪ್ರಾಣಿಗಳಿಂದ ಮಾಡಿದ ಜೆಲಟಿನ್ ಇರಬಹುದು.

ಮಗು ಮಾತಾಡುವುದು ತಡ, ಓದು ಹತ್ತುತ್ತಿಲ್ಲ, ಒಂದು ಕಡೆ ಕೂರಲ್ಲ ಅನ್ನುವ ಚಿಂತೆ ಇದ್ದರೆ ಮುಚ್ಚಿಡಬೇಡಿ. ನಮ್ಮ ಊರಲ್ಲಿ ಜನ ಏನಂತಾರೋ ಅನ್ನುವ ಭಯಕ್ಕೆ ಎಷ್ಟು ಮಕ್ಕಳ ಒಳ್ಳೆಯ ವರ್ಷಗಳು ಹಾಳಾಗುವುದನ್ನು ನೋಡಿದ್ದೇನೆ. ಅಲ್ಲಿ 1975ರಿಂದಲೇ ಕಾನೂನಿದೆ. ವಿಶೇಷ ಅಗತ್ಯದ ಪ್ರತಿ ಮಗುವಿಗೂ ಸರ್ಕಾರಿ ಶಾಲೆ ಪುಕ್ಕಟೆಯಾಗಿ ತಕ್ಕ ಶಿಕ್ಷಣ ಕೊಡಬೇಕು. "ನನ್ನ ಮಗುವನ್ನು ಪರೀಕ್ಷಿಸಿ" ಅಂತ ಬರಹದಲ್ಲಿ ಕೇಳಿ, ಇಮೇಲ್ ಸಾಕು. ಟೆಕ್ಸಾಸ್‌ನಲ್ಲಿ ಶಾಲೆ ನಡೆಯುವ 15 ದಿನಗಳೊಳಗೆ ಉತ್ತರ ಕೊಡಬೇಕು. ಬಾಯಿ ಮಾತಲ್ಲಿ ಕೇಳಿದರೆ "ಇನ್ನೂ ಸ್ವಲ್ಪ ದಿನ ನೋಡೋಣ" ಅಂತ ಹೋಗಿಬಿಡಬಹುದು. ಅರ್ಹತೆ ಸಿಕ್ಕರೆ ಐಇಪಿ ಅನ್ನುವ, ಆ ಮಗುವಿಗೆಂದೇ ಮಾಡಿದ ಕಲಿಕೆಯ ಯೋಜನೆ ಬರೆಯುತ್ತಾರೆ, ಮಾತಿನ ಥೆರಪಿಯೂ ಶಾಲೆಯಲ್ಲೇ. ಸಭೆಗೆ ಕನ್ನಡದ ದುಭಾಷಿ ಬೇಕು ಅಂತ ಕೇಳಿ, ಫೋನ್‌ನಲ್ಲಾದರೂ ಒದಗಿಸುತ್ತಾರೆ, ದುಡ್ಡಿಲ್ಲ. ಬುದ್ಧಿವಂತ ಮಕ್ಕಳ ಕಾರ್ಯಕ್ರಮವೂ ಇದೆ, ನೀವೇ ಹೆಸರು ಸೂಚಿಸಬಹುದು. ಅದಕ್ಕೆ ಟ್ಯೂಷನ್ ಹಾಕಿ ಮಗುವನ್ನು ಅರೆಯುವುದು ಮಾತ್ರ ಬೇಡ.

ಖರ್ಚು ಎಲ್ಲಿದೆ ಹಾಗಾದರೆ? ಪುಸ್ತಕ ಶಾಲೆಯದು, ಯೂನಿಫಾರ್ಮ್ ಬಹಳ ಕಡೆ ಇಲ್ಲ. ಆಗಸ್ಟ್‌ನಲ್ಲಿ ಸಾಮಾನಿನ ಪಟ್ಟಿ ಬರುತ್ತದೆ. ಪೆನ್ಸಿಲ್, ಬಣ್ಣ, ಗೋಂದಿನ ಕಡ್ಡಿ, ಟಿಶ್ಯೂ ಡಬ್ಬಿ ಹೀಗೆ. ಆ ತಿಂಗಳು ಟೆಕ್ಸಾಸ್‌ನಲ್ಲಿ ಒಂದು ವಾರಾಂತ್ಯ 100 ಡಾಲರ್‌ಗಿಂತ ಕಡಿಮೆ ಬೆಲೆಯ ಬಟ್ಟೆ, ಬ್ಯಾಗು, ಶಾಲೆ ಸಾಮಾನಿಗೆ ತೆರಿಗೆ ಇರುವುದಿಲ್ಲ, ಆಗ ಕೊಳ್ಳಿ. ಫೋಟೊ, ಇಯರ್‌ಬುಕ್, ಪುಸ್ತಕ ಮೇಳ, ನಿಧಿ ಸಂಗ್ರಹ ಅಂತ ಚೀಟಿ ಬರುತ್ತಲೇ ಇರುತ್ತವೆ. ಯಾವುದೂ ಕಡ್ಡಾಯವಲ್ಲ.

ದೊಡ್ಡ ಖರ್ಚು ಇರುವುದು ಮೂರು ಗಂಟೆಯಿಂದ ಆರು ಗಂಟೆಯವರೆಗೆ. ಇಬ್ಬರೂ ಕೆಲಸಕ್ಕೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಯಾರು? ಅಲ್ಲಿ ಅಜ್ಜಿ ಇಲ್ಲ, ಪಕ್ಕದ ಮನೆ ಅಕ್ಕ ಇಲ್ಲ. ಆಫ್ಟರ್ ಸ್ಕೂಲ್ ಕೇರ್‌ಗೆ ನಾವು ಒಂದು ಮಗುವಿಗೆ ತಿಂಗಳಿಗೆ 350 ಡಾಲರ್ ಆಸುಪಾಸು ಕಟ್ಟಿದ್ದೇವೆ. ಅದಕ್ಕಿಂತ ದುಬಾರಿ ಬೇಸಿಗೆ ರಜೆ. ಮೇ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಶಾಲೆ ಇಲ್ಲ. ಕ್ಯಾಂಪ್‌ಗಳು ವಾರದ ಲೆಕ್ಕದಲ್ಲಿ ದುಡ್ಡು ಕೇಳುತ್ತವೆ. ಇಬ್ಬರೂ ದುಡಿಯುವವರು ಕಂಪನಿಯಲ್ಲಿ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ಇದೆಯಾ ಕೇಳಿ. ಮಕ್ಕಳ ಆರೈಕೆಯ ಖರ್ಚಿಗೆ ತೆರಿಗೆ ಕಟ್ಟದೆ ಸಂಬಳದ ಒಂದು ಪಾಲು ತೆಗೆದಿಡಬಹುದು. 2026ರಿಂದ ಮಿತಿ 5000 ಡಾಲರ್‌ನಿಂದ 7500ಕ್ಕೆ ಏರಿದೆ.

ಊರಿಗೆ ಬರುವುದಿದ್ದರೆ ಜೂನ್-ಜುಲೈನಲ್ಲೇ ಬನ್ನಿ. ದುಗ್ಗಮ್ಮನ ಜಾತ್ರೆಗೆ ಅಂತ ಶಾಲೆ ಮಧ್ಯದಲ್ಲಿ ತಿಂಗಳುಗಟ್ಟಲೆ ಬಿಡಿಸಿಕೊಂಡು ಬಂದರೆ ತೊಂದರೆ. ಟೆಕ್ಸಾಸ್‌ನಲ್ಲಿ ಶೇ. 90 ಹಾಜರಿ ಬೇಕು. ದೀಪಾವಳಿಯಂಥ ಧಾರ್ಮಿಕ ಹಬ್ಬಕ್ಕೆ ಮೊದಲೇ ಚೀಟಿ ಬರೆದುಕೊಟ್ಟರೆ ಆ ರಜೆಯನ್ನು ಒಪ್ಪುತ್ತಾರೆ.

ಕೊನೆಗೆ, ಪೂರ್ತಿ ವಾಪಸ್ ಬರುವವರಿಗೆ. ನಮ್ಮಲ್ಲಿ ಕೇಳುವ ಟಿ.ಸಿ. ಅನ್ನುವ ಕಾಗದ ಅಲ್ಲಿ ಇಲ್ಲ. ಶಾಲೆ ಬಿಟ್ಟ ಫಾರ್ಮ್, ಎಲ್ಲ ವರ್ಷದ ರಿಪೋರ್ಟ್ ಕಾರ್ಡ್, ಲಸಿಕೆ ದಾಖಲೆ ಇಷ್ಟಕ್ಕೂ ಸಹಿ, ಸೀಲು ಹಾಕಿಸಿಕೊಳ್ಳಿ. ಇಲ್ಲಿ ಸೀಲು ಇಲ್ಲದ ಕಾಗದಕ್ಕೆ ನಾನು ನಾಲ್ಕು ಸಲ ಅಲೆದಿದ್ದೇನೆ. 2015ರ ಕಾಯ್ದೆಯಂತೆ ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಯಲೇಬೇಕು. ಮಾತು ಬರುವ ನನ್ನ ಮಗ ಒತ್ತಕ್ಷರ ಕಲಿಯಲು ಒಂದು ವರ್ಷ ಕಷ್ಟಪಟ್ಟ. ಅದಕ್ಕೇ ಚಿತ್ರದುರ್ಗದ ಆ ತಾಯಿ ಹೊರಟಾಗ ಒಂದನೇ ತರಗತಿಯ ಕನ್ನಡ ಪುಸ್ತಕವನ್ನು ಅವರ ಫೈಲಿನೊಳಗೆ ಇಟ್ಟು ಕಳಿಸಿದೆ.