ಕೊಲೆಸ್ಟ್ರಾಲ್ ಮಾತ್ರೆಯೂ ಕೋಟೆಯ ಮೆಟ್ಟಿಲೂ: ನನ್ನ ಅನುಭವ

ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ನುಂಗಿದರೆ ಕಾಲು ಹಿಡಿದುಕೊಳ್ಳುತ್ತವೆ, ಲಿವರ್ ಹಾಳಾಗುತ್ತದೆ ಎಂಬ ಮಾತು ನಮ್ಮ ಚಿತ್ರದುರ್ಗದಲ್ಲಿ ಮಾತ್ರೆಗಿಂತ ಮೊದಲೇ ಮನೆ ಮುಟ್ಟುತ್ತದೆ. ಸಕ್ಕರೆ ಕಾಯಿಲೆಯಿರುವ ನನ್ನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 168 ಬಂದು, ವೈದ್ಯರು ಸ್ಟ್ಯಾಟಿನ್ ಗುಂಪಿನ ಅಟೋರ್ವಾಸ್ಟಾಟಿನ್ 20 ಮಿಲಿಗ್ರಾಂ ಬರೆದಾಗ, ಆ ಮಾತುಗಳನ್ನು ನಂಬುವುದೋ ಬಿಡುವುದೋ ಎಂದು ಚರ್ಚಿಸುವ ಬದಲು ಅವನ್ನು ಪರೀಕ್ಷಿಸಿ ನೋಡಲು ಬೇಕಾದ ಏರ್ಪಾಡು ಮಾಡಿಕೊಂಡೆ. ಈ ಔಷಧವನ್ನು ಸುರಕ್ಷಿತವಾಗಿ ಬಳಸುವ ಕೆಲಸದ ಮುಕ್ಕಾಲು ಪಾಲು ಮೊದಲ ಮಾತ್ರೆಗೆ ಮುಂಚೆಯೇ ಮುಗಿಯಬೇಕು ಎಂಬುದು ನನ್ನ ಅಭಿಪ್ರಾಯ.

ವೈದ್ಯರ ಸಲಹೆಯಂತೆ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಜೊತೆಗೆ ಲಿವರ್‌ನ ಎಸ್‌ಜಿಪಿಟಿ, ಕಿಡ್ನಿಯ ಕ್ರಿಯಾಟಿನಿನ್, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ಮಾಡಿಸಿದೆ. ಥೈರಾಯ್ಡ್ ಏಕೆಂದರೆ, ಅದು ಮಂದವಾಗಿದ್ದರೆ ಅದೊಂದೇ ಕಾರಣಕ್ಕೆ ಕೊಲೆಸ್ಟ್ರಾಲ್ ಏರಬಹುದು, ಮಾತ್ರೆಯಿಂದ ಸ್ನಾಯುನೋವು ಬರುವ ಸಂಭವವೂ ಹೆಚ್ಚುತ್ತದೆ. ಇವುಗಳಿಗಿಂತ ಹೆಚ್ಚಾಗಿ ಉಪಯೋಗಕ್ಕೆ ಬಂದದ್ದು ಕಾಸು ಖರ್ಚಿಲ್ಲದ ಒಂದು ಬರಹ: ಆ ಹೊತ್ತಿಗಾಗಲೇ ನನ್ನ ಮೈಯಲ್ಲಿ ಎಲ್ಲೆಲ್ಲಿ, ಯಾವಾಗ ನೋವಿತ್ತು ಎಂಬುದನ್ನು ಡೈರಿಯ ಒಂದು ಪುಟದಲ್ಲಿ ಬರೆದಿಟ್ಟೆ. ಎಡ ಮಂಡಿಯೂ ಬಲ ಭುಜವೂ ಆ ಪಟ್ಟಿಯಲ್ಲಿದ್ದವು.

ಕೆಲವು ವಾರಗಳಲ್ಲಿ ಎರಡೂ ತೊಡೆಗಳು ನೋಯತೊಡಗಿದವು. ಸ್ಟ್ಯಾಟಿನ್ ನೋವು ಸಾಮಾನ್ಯವಾಗಿ ಎರಡೂ ಬದಿಗೆ, ತೊಡೆ, ಮೀನಖಂಡದಂಥ ದೊಡ್ಡ ಸ್ನಾಯುಗಳಲ್ಲಿ ಬರುತ್ತದೆ. ಆದರೆ ಬೆಳಿಗ್ಗೆ ಏಳು ಸುತ್ತಿನ ಕೋಟೆ ಹತ್ತಿ ಏಕನಾಥೇಶ್ವರಿ ಗುಡಿಯವರೆಗೆ ಹೋಗಿಬರುವವನ ತೊಡೆಯೂ ಹಾಗೆಯೇ ನೋಯುತ್ತದೆ. ಮಾತ್ರೆಯನ್ನು ನಾನೇ ನಿಲ್ಲಿಸದೆ ಡೈರಿ ಹಿಡಿದು ವೈದ್ಯರ ಬಳಿ ಹೋದೆ. ಅವರು ಸ್ನಾಯುವಿನಲ್ಲಿರುವ ಸಿಕೆ ಎಂಬ ಕಿಣ್ವದ ರಕ್ತಪರೀಕ್ಷೆ ಬರೆದು, "ಮೇಷ್ಟ್ರೇ, ಅದಕ್ಕೆ ಮೊದಲು ಕೆಲವು ದಿನ ಕೋಟೆ ಹತ್ತಬೇಡಿ" ಎಂದರು. ಹೆಚ್ಚು ಶ್ರಮಪಟ್ಟ ಸ್ನಾಯುವಿನಿಂದಲೂ ಸಿಕೆ ರಕ್ತಕ್ಕೆ ಸೇರುವುದರಿಂದ, ಮೆಟ್ಟಿಲು ಹತ್ತಿ ಬಂದು ರಕ್ತ ಕೊಟ್ಟರೆ ಮಾತ್ರೆಯ ಮೇಲೆ ಸುಳ್ಳು ಆರೋಪ ಬೀಳಬಹುದು. ಸಿಕೆ ಸಹಜ ಮಿತಿಯಲ್ಲಿತ್ತು. ಹತ್ತುವುದನ್ನು ಬಿಟ್ಟ ದಿನಗಳಲ್ಲಿ, ಮಾತ್ರೆ ಮುಂದುವರಿದಿದ್ದರೂ, ನೋವು ಇಳಿಯಿತು. ಸ್ಟ್ಯಾಟಿನ್‌ಗಳ ದೊಡ್ಡ ಪ್ರಯೋಗಗಳಲ್ಲಿ ಔಷಧವೇ ಇಲ್ಲದ ಹುಸಿಮಾತ್ರೆ ಪಡೆದವರೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ನೋವು ಹೇಳಿಕೊಂಡಿದ್ದಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಹಾಗೆಂದು ಎಲ್ಲ ನೋವನ್ನೂ ಹೀಗೆ ಬಗೆಹರಿಸಲಾಗದು. ಸ್ನಾಯುಗಳಲ್ಲಿ ಬಲವೇ ಕುಂದಿದರೆ ಅಥವಾ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಅಪರೂಪವಾದರೂ ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು ಬೀಳುವ ಲಕ್ಷಣಗಳವು.

ಎರಡು ತಿಂಗಳ ನಂತರದ ಪರೀಕ್ಷೆಯಲ್ಲಿ ಎಲ್‌ಡಿಎಲ್ 98ಕ್ಕೆ ಇಳಿದಿತ್ತು, ಎಸ್‌ಜಿಪಿಟಿ ಇದ್ದಲ್ಲೇ ಇತ್ತು. ಡೋಸ್ ಇಮ್ಮಡಿ ಮಾಡಿದರೆ ಇನ್ನೂ ಅಷ್ಟೇ ಇಳಿಯಬಹುದಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ, ಆದರೆ ಇಮ್ಮಡಿ ಮಾಡಿದಾಗಲೆಲ್ಲ ಹೆಚ್ಚುವರಿಯಾಗಿ ಇಳಿಯುವುದು ಸುಮಾರು ಶೇ. 6 ಮಾತ್ರ. ಎಚ್‌ಬಿಎ1ಸಿ ತುಸು ಏರಬಹುದೆಂದು ವೈದ್ಯರು ಮೊದಲೇ ಹೇಳಿದ್ದರು. ಹೃದಯಾಘಾತದ ಅಪಾಯ ತಗ್ಗುವ ಲಾಭ ಅದಕ್ಕಿಂತ ದೊಡ್ಡದೆಂದು ಒಪ್ಪಿಕೊಂಡು, ಅದನ್ನು ಆಗಾಗ ನೋಡಿಸುತ್ತಿದ್ದೇನೆ.

ಬೇರೆ ಔಷಧಗಳ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟಮಾರಿ. ಗಂಟಲು ನೋವಿಗೆ ಹೋದಾಗ ಇನ್ನೊಬ್ಬ ವೈದ್ಯರಿಗೆ ನನ್ನ ಮಾತ್ರೆಗಳ ಪಟ್ಟಿ ತೋರಿಸಿದ್ದರಿಂದ, ಅವರು ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಬರೆಯಹೊರಟವರು ಬೇರೆ ಔಷಧ ಬರೆದರು. ಕ್ಲಾರಿಥ್ರೊಮೈಸಿನ್ ಆಗಲಿ, ಚರ್ಮದ ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್ ಆಗಲಿ ಅಟೋರ್ವಾಸ್ಟಾಟಿನ್ ದೇಹದಲ್ಲಿ ಒಡೆದು ಹೊರಹೋಗುವುದನ್ನು ತಡೆದು, ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತವೆ. ಹಾಗೆಯೇ ಹೆಂಗಸರಲ್ಲಿ ಗರ್ಭ ನಿಂತರೆ ಅಥವಾ ಅದಕ್ಕೆ ಯೋಚಿಸುತ್ತಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಲೇಬೇಕು.

ಔಷಧದಂಗಡಿಯಲ್ಲಿ ಬ್ರಾಂಡ್ ಬದಲಾಗುತ್ತಲೇ ಇರುತ್ತದೆ, ಅದರಿಂದ ತೊಂದರೆಯಿಲ್ಲ. ಆದರೆ ಹೆಸರು ಒಂದೇ ಆಗಿ, ಕೊನೆಗೊಂದು ಅಕ್ಷರ ಸೇರಿದ ಸ್ಟ್ರಿಪ್‌ಗಳಲ್ಲಿ ಆಸ್ಪಿರಿನ್ ಅಥವಾ ಫೆನೋಫೈಬ್ರೇಟ್‌ನಂಥ ಬೇರೆ ಔಷಧ ಕೂಡ ಬೆರೆತಿರಬಹುದು. ಆದ್ದರಿಂದ ದೊಡ್ಡಕ್ಷರದ ಹೆಸರನ್ನು ಬಿಟ್ಟು, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನೂ ಮಿಲಿಗ್ರಾಂ ಪ್ರಮಾಣವನ್ನೂ ಕೌಂಟರ್ ಬಳಿಯೇ ಚೀಟಿಯೊಂದಿಗೆ ತಾಳೆ ನೋಡಿ, ಆಮೇಲೆ ಹಣ ಕೊಡುತ್ತೇನೆ.